ಭೀಮಾ ತೀರದ ಸಕ್ಕರೆ ಕಾರ್ಖಾನೆಗಳ ಎಂಜಿನಿಯರುಗಳಿಗೆ: ಕೇಬಲ್ ಟ್ರೇ ಕುರಿತು ಒಂದು ಬಹಿರಂಗ ಪತ್ರ

ನಿಂಬರ್ಗಾ,
ಆಳಂದ ತಾಲೂಕು, ಕಲಬುರಗಿ ಜಿಲ್ಲೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸಕ್ಕರೆ ಕಾರ್ಖಾನೆ ಮತ್ತು ಡಿಸ್ಟಿಲರಿಗಳ ವಿದ್ಯುತ್ ವಿಭಾಗದ ಎಂಜಿನಿಯರುಗಳಿಗೆ, ಖರೀದಿ ಅಧಿಕಾರಿಗಳಿಗೆ ಹಾಗೂ ಗುತ್ತಿಗೆದಾರರಿಗೆ,

ಮಾನ್ಯರೇ,

ಕಬ್ಬು ನುರಿಸುವ ಹಂಗಾಮು ಮುಗಿದು, ಗಿರಣಿಯ ರೋಲರುಗಳನ್ನು ಬಿಚ್ಚಿಟ್ಟು, ಮುಂದಿನ ಹಂಗಾಮಿಗೆ ಏನೇನು ಬದಲಿಸಬೇಕೆಂಬ ಪಟ್ಟಿ ತಮ್ಮ ಮೇಜಿಗೆ ಬರುವ ಹೊತ್ತಿನಲ್ಲಿ ಈ ಪತ್ರ ತಮ್ಮ ಕೈ ಸೇರಲಿ ಎಂಬುದು ನನ್ನ ಆಸೆ. ಆ ಪಟ್ಟಿಯಲ್ಲಿ ಕೇಬಲ್ ಟ್ರೇ ಎಂಬುದು ಸಾಮಾನ್ಯವಾಗಿ ಕೊನೆಯ ಸಾಲುಗಳಲ್ಲಿರುತ್ತದೆ. ಟರ್ಬೈನು, ಬಾಯ್ಲರು, ಮೋಟಾರುಗಳ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಟ್ರೇಯ ಸರದಿ ಬಂದಾಗ ‘ಹಿಂದಿನಂತೆ ಜಿಐ, ಇಷ್ಟು ಮೀಟರ್’ ಎಂದು ಬರೆದು ಪುಟ ತಿರುವಲಾಗುತ್ತದೆ. ಈ ಒಂದು ಸಾಲಿನ ಬಗ್ಗೆಯೇ ನನ್ನ ವಿನಂತಿ. ಕಾರ್ಖಾನೆಯ ಎಲ್ಲ ಜಾಗಕ್ಕೂ ಒಂದೇ ಟ್ರೇ ಬರೆಯಬೇಡಿ. ಯಾವ ಜಾಗದ ಗಾಳಿ ಎಂಥದು ಎಂದು ನೋಡಿ, ಉಕ್ಕನ್ನು ತಿನ್ನುವ ಗಾಳಿ ಇರುವಲ್ಲಿ ಗಾಜುನಾರು ಬೆರೆಸಿದ ಪ್ಲಾಸ್ಟಿಕ್ಕಿನ ಟ್ರೇ ಮತ್ತು ಆಧಾರಗಳನ್ನು ಹಾಕಿ. ಅದು ಬೇಡದ ಕಡೆ ಹಾಕಲೇಬೇಡಿ. ವ್ಯಾಪಾರಿಗಳು ಇದನ್ನು ಎಫ್‌ಆರ್‌ಪಿ ಟ್ರೇ ಎನ್ನುತ್ತಾರೆ. ಆದರೆ ನಮ್ಮ ಕಬ್ಬಿನ ಸೀಮೆಯಲ್ಲಿ ಎಫ್‌ಆರ್‌ಪಿ ಎಂದರೆ ಕಬ್ಬಿನ ನ್ಯಾಯಬೆಲೆಯೇ ನೆನಪಾಗಿ ಜನ ದರದ ಜಗಳಕ್ಕೇ ನಿಲ್ಲುತ್ತಾರಾದ್ದರಿಂದ ಇಲ್ಲಿ ಗಾಜುನಾರಿನ ಟ್ರೇ ಎಂದೇ ಬರೆಯುತ್ತೇನೆ.

ಕಾರ್ಖಾನೆಯೊಳಗಿನ ಒಂದು ತಾಂತ್ರಿಕ ಸಾಮಾನಿನ ಬಗ್ಗೆ ಹೊರಗಿನವರು ಬಹಿರಂಗವಾಗಿ ಬರೆಯುವ ಅಗತ್ಯವೇನು ಎಂದು ತಾವು ಕೇಳಬಹುದು. ಸೊನ್ನ ಬ್ಯಾರೇಜಿನ ನೀರು, ಕೊರಳ್ಳಿಯ ಅಮರ್ಜಾ ಜಲಾಶಯದ ನೀರು, ಕೊಳವೆಬಾವಿಗಳ ನೀರು ಇವೆಲ್ಲ ಸೇರಿ ತೊಗರಿಯ ನಾಡಿನಲ್ಲಿ ಕಬ್ಬನ್ನೂ ಬೆಳೆಸಿವೆ. ಆ ಕಬ್ಬು ಹೋಗುವುದು ಭೂಸನೂರು, ಹವಳಗಾ, ಚಿಣಮಗೇರಾ, ಮಳ್ಳಿ–ನಾಗರಹಳ್ಳಿಗಳ ಕಾರ್ಖಾನೆಗಳಿಗೆ. ಕಡಿದ ಕಬ್ಬು ಗಾಡಿಯ ಮೇಲೆ ನಿಂತಷ್ಟೂ ತೂಕ ಕಳೆದುಕೊಳ್ಳುತ್ತದೆ, ಅದರ ಸಕ್ಕರೆಯ ಅಂಶ ಇಳಿಯುತ್ತದೆ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ದರ ಕ್ವಿಂಟಾಲಿಗೆ 355 ರೂಪಾಯಿ. ಅದೂ ಶೇ 10.25ರ ಇಳುವರಿಗೆ. ಕಾರ್ಖಾನೆ ಮಧ್ಯೆ ಮಧ್ಯೆ ನಿಂತರೆ ರಸ ಹುಳಿಯುತ್ತದೆ, ಇಳುವರಿ ಕುಗ್ಗುತ್ತದೆ, ಅದರ ಪೆಟ್ಟು ರೈತನ ಲೆಕ್ಕಕ್ಕೂ ತಟ್ಟುತ್ತದೆ. ಕಾರ್ಖಾನೆ ನಿಲ್ಲುವ ಕಾರಣಗಳಲ್ಲಿ ವಿದ್ಯುತ್ ದೋಷವೂ ಒಂದು. ತುಕ್ಕು ತಿಂದ ಟ್ರೇ ಜೋತುಬಿದ್ದು ಕೇಬಲಿನ ಭಾರವೆಲ್ಲ ಒಂದು ಅಂಚಿನ ಮೇಲೆ ಕುಳಿತಾಗ, ಆ ಅಂಚು ಹೊದಿಕೆಯನ್ನು ಕೊಯ್ದಾಗ ಆಗುವ ದೋಷ ಹುಡುಕಲು ಕಷ್ಟದ್ದು. ಆದ್ದರಿಂದ ಇದು ತಮ್ಮ ಮೇಜಿನ ವಿಷಯ ಮಾತ್ರವಲ್ಲ.

ಈಗ ಜಿಐ ಎಂಬ ಎರಡಕ್ಷರದ ಒಳಗೆ ಏನಿದೆ ನೋಡೋಣ. ಜಿಐ ಎಂದರೆ ಸತು ಲೇಪಿಸಿದ ಉಕ್ಕು; ಅದನ್ನು ಕಾಯುವುದು ಮೇಲಿನ ಸತುವಿನ ಪದರ. ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಹಾಗಾಗಿ ಎಷ್ಟು ದಪ್ಪ ಸತು ಇದೆ, ವರ್ಷಕ್ಕೆ ಎಷ್ಟು ಸವೆಯುತ್ತದೆ ಎಂಬ ಭಾಗಾಕಾರವೇ ಟ್ರೇಯ ಆಯುಷ್ಯ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಎರಡು ಮಿಲಿಮೀಟರಿನ ಟ್ರೇ ಮೇಲೆ, ಅಂತರರಾಷ್ಟ್ರೀಯ ಮಾನಕದ ಪ್ರಕಾರ, ಸರಾಸರಿ 55 ಮೈಕ್ರಾನ್ ಸತು ಇರಬೇಕು. ಆದರೆ ಪೇಟೆಯಲ್ಲಿ ಜಿಐ ಹೆಸರಿನಲ್ಲೇ ಸಿಗುವ ಅಗ್ಗದ ಟ್ರೇಗಳು ಹಲವು ಬಾರಿ ಮೊದಲೇ ಸತು ಬಳಿದ ತಗಡಿನಿಂದ ಮಾಡಿದವು. ಚದರ ಮೀಟರಿಗೆ 275 ಗ್ರಾಂ ಎಂದು ನಮೂದಾದ ತಗಡಿನಲ್ಲೂ ಆ ಸತು ಎರಡು ಮುಖಕ್ಕೆ ಹಂಚಿಹೋಗಿ ಒಂದೊಂದು ಮುಖಕ್ಕೆ ಉಳಿಯುವುದು ಸುಮಾರು 20 ಮೈಕ್ರಾನ್. ಮೇಲಾಗಿ ತಗಡಿಗೆ ಸತು ಬಳಿದ ನಂತರ ರಂಧ್ರ ಹೊಡೆಯುವುದರಿಂದ, ಕತ್ತರಿಸುವುದರಿಂದ, ಪ್ರತಿ ರಂಧ್ರದ ಅಂಚಿನಲ್ಲೂ ಉಕ್ಕು ಬೆತ್ತಲೆ. ಎರಡಕ್ಕೂ ಬಿಲ್ಲಿನಲ್ಲಿ ಬರೆಯುವುದು ಒಂದೇ ಹೆಸರು.

ಸವೆತದ ಲೆಕ್ಕಕ್ಕೆ ಐಎಸ್‌ಒ 9223 ಎಂಬ ಮಾನಕವಿದೆ. ಅದು ಗಾಳಿಯನ್ನು ಸಿ1ರಿಂದ ಸಿ5ರವರೆಗೆ, ಅದರಾಚೆ ಸಿಎಕ್ಸ್ ಎಂದು ವರ್ಗ ಮಾಡಿ, ಮೊದಲ ವರ್ಷದಲ್ಲಿ ಸತು ಎಷ್ಟು ಸವೆಯುತ್ತದೆ ಎಂದು ಹೇಳುತ್ತದೆ. ಒಣ ಬಯಲುಸೀಮೆಯ ಹಳ್ಳಿಗಾಳಿ ಬಹುಮಟ್ಟಿಗೆ ಸಿ2 ವರ್ಗದ್ದು: ವರ್ಷಕ್ಕೆ 0.1ರಿಂದ 0.7 ಮೈಕ್ರಾನ್. ಸಿ3ರಲ್ಲಿ 0.7ರಿಂದ 2.1, ಸಿ4ರಲ್ಲಿ 4.2ರವರೆಗೆ, ಸಿ5ರಲ್ಲಿ 8.4ರವರೆಗೆ, ಸಿಎಕ್ಸ್‌ನಲ್ಲಿ 25ರವರೆಗೆ. ಈಗ ಭಾಗಿಸಿ ನೋಡಿ. ಒಣ ಹಳ್ಳಿಗಾಳಿಯಲ್ಲಿ 55 ಮೈಕ್ರಾನಿನ ಟ್ರೇ ಕಾರ್ಖಾನೆಯ ಆಯುಷ್ಯಕ್ಕಿಂತ ಹೆಚ್ಚು ಬಾಳುತ್ತದೆ. ಅದೇ ಟ್ರೇ ಸಿ5ರಲ್ಲಿ ಆರೂವರೆಯಿಂದ ಹದಿಮೂರು ವರ್ಷಕ್ಕೆ ಸತು ಕಳೆದುಕೊಳ್ಳುತ್ತದೆ. 20 ಮೈಕ್ರಾನಿನದಾದರೆ ಎರಡೂವರೆಯಿಂದ ಐದು ವರ್ಷ ಸಾಕು. ಸಿಎಕ್ಸ್‌ನ ಕೊನೆಯ ತುದಿಯಲ್ಲಂತೂ ಅಗ್ಗದ ಟ್ರೇಗೆ ಒಂದು ವರ್ಷವೂ ಇಲ್ಲ. ಈ ವರ್ಗಗಳು ಹೊರಗಿನ ಗಾಳಿಗಾಗಿ ಮಾಡಿದವು, ಸವೆತದ ವೇಗವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ ಎಂಬುದು ತಮಗೆ ಗೊತ್ತು. ಕಾರ್ಖಾನೆಯೊಳಗಿನ ಮೂಲೆಗಳಿಗೆ ಇವು ಅಂದಾಜು ಮಾತ್ರ. ಆದರೂ ಒಂದು ಮಾತು ಸ್ಪಷ್ಟ: ಒಂದೇ ಆವರಣದೊಳಗೆ ನೂರು ಹೆಜ್ಜೆಯ ಅಂತರದಲ್ಲಿ ಟ್ರೇಯ ಆಯುಷ್ಯ ಹತ್ತು ಪಟ್ಟು ಬದಲಾಗಬಲ್ಲದು. ಹಾಗಿರುವಾಗ ಒಂದೇ ಸಾಲಿನಲ್ಲಿ ಒಂದೇ ಟ್ರೇ ಬರೆಯುವುದಕ್ಕೆ ಯಾವ ತರ್ಕವಿದೆ?

ಸಕ್ಕರೆ ಕಾರ್ಖಾನೆಯಲ್ಲಿ ಆ ಕೆಟ್ಟ ಮೂಲೆಗಳು ಯಾವುವು ಎಂದು ತಮಗೆ ನಾನು ಹೇಳಬೇಕಾಗಿಲ್ಲ, ಆದರೂ ವಾದಕ್ಕಾಗಿ ಹೆಸರಿಸುತ್ತೇನೆ. ನಮ್ಮ ದೇಶದ ಬಿಳಿ ಸಕ್ಕರೆ ಬಹುಪಾಲು ಗಂಧಕದ ವಿಧಾನದ್ದು. ಗಂಧಕ ಸುಟ್ಟು ಬರುವ ಅನಿಲವನ್ನು ಸುಣ್ಣದ ಹಾಲು ಬೆರೆತ ರಸಕ್ಕೆ ಹಾಯಿಸುತ್ತಾರೆ. ಆ ಅನಿಲದ ಸಣ್ಣ ಸೋರಿಕೆ ಸಾಕು. ಹಬೆಯ ತೇವದೊಡನೆ ಸೇರಿ ಅದು ಆಮ್ಲವಾಗುತ್ತದೆ, ಸತುವನ್ನು ನೀರಲ್ಲಿ ಕರಗುವ ಲವಣವಾಗಿಸುತ್ತದೆ, ತೊಳೆದಾಗಲೆಲ್ಲ ಆ ಪದರ ಹರಿದುಹೋಗುತ್ತದೆ. ಪಕ್ಕದಲ್ಲೇ ಸುಣ್ಣದ ತೊಟ್ಟಿ. ಸತುವಿಗೆ ಆಮ್ಲವೂ ಆಗದು, ಗಟ್ಟಿ ಕ್ಷಾರವೂ ಆಗದು. ಬಾಷ್ಪೀಕರಣದ ಪಾತ್ರೆಗಳನ್ನು ತೊಳೆಯುವ ಕಾಸ್ಟಿಕ್ ಸೋಡಾ ಸಿಡಿದರೂ ಸತು ಸವೆಯುತ್ತದೆ. ಮುಂದೆ ಬಂದರೆ ಇಂಜೆಕ್ಷನ್ ನೀರಿನ ಸ್ಪ್ರೇ ಕೊಳ, ಕೂಲಿಂಗ್ ಟವರು. ಅಲ್ಲಿಯ ತುಂತುರಿಗೆ ಹಂಗಾಮಿನುದ್ದಕ್ಕೂ ಬಿಡುವಿಲ್ಲ. ಇಷ್ಟು ಹಳೆಯ ಕಥೆ.

ಹೊಸ ಕಥೆ ಡಿಸ್ಟಿಲರಿಯದು. ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿಯನ್ನು 2030ರಿಂದ 2025–26ಕ್ಕೆ ಎಳೆದು ತಂದ ಮೇಲೆ ದೇಶದ ಸಕ್ಕರೆ ಉದ್ಯಮದ ಗಮನವೇ ಕಾಕಂಬಿ, ರಸಗಳಿಂದ ತೆಗೆಯುವ ಎಥೆನಾಲಿನತ್ತ ಹೊರಳಿತು. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಎಂಟರಿಂದ ಹದಿನೈದು ಲೀಟರ್ ಸ್ಪೆಂಟ್ ವಾಶ್ ಉಳಿಯುತ್ತದೆ. ಅದು ಬಿಸಿ, ಅದು ಹುಳಿ (ಪಿಎಚ್ ನಾಲ್ಕರ ಆಸುಪಾಸು), ಅದರಲ್ಲಿ ಪೊಟ್ಯಾಷಿಯಂ, ಕ್ಲೋರೈಡ್, ಸಲ್ಫೇಟುಗಳ ಲವಣ ತುಂಬಿರುತ್ತದೆ. ಅದರಿಂದ ಜೈವಿಕ ಅನಿಲ ತೆಗೆಯುವ ಕಡೆ ಹೈಡ್ರೋಜನ್ ಸಲ್ಫೈಡ್ ಬೇರೆ. ಈ ಅನಿಲದ ವಿಷಯದಲ್ಲಿ ಒಂದು ಎಚ್ಚರಿಕೆ ಕೊಡಲೇಬೇಕು: ಅದು ಟ್ರೇಯನ್ನಷ್ಟೇ ಅಲ್ಲ, ತಾಮ್ರವನ್ನೂ ತಿನ್ನುತ್ತದೆ. ಗಾಜುನಾರಿನ ಟ್ರೇ ಹಾಕಿ, ಅದರ ಕೊನೆಯಲ್ಲಿ ಲೇಪನವಿಲ್ಲದ ತಾಮ್ರದ ಲಗ್ಗು ಬಿಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ. ಅನಿಲ ಸೋರುವುದನ್ನು ತಡೆಯುವುದೇ ಮೊದಲ ಕೆಲಸ, ಟ್ರೇ ಎರಡನೆಯದು.

ಗಾಜುನಾರಿನ ಟ್ರೇ ಎಂದರೇನು? ಮಣ್ಣಿನ ಗೋಡೆಗೆ ಹುಲ್ಲು ಕಲಸಿದಂತೆ, ರಾಳದೊಳಗೆ ಗಾಜಿನ ಎಳೆ. ಎಳೆಗಳನ್ನು ರಾಳದಲ್ಲಿ ಅದ್ದಿ, ಕಾದ ಅಚ್ಚಿನ ಮೂಲಕ ಎಳೆದು ತೆಗೆದರೆ ಉದ್ದನೆಯ ಪಟ್ಟಿಗಳು ಸಿದ್ಧ. ಬಲ ಎಳೆಯದು, ರಾಸಾಯನಿಕವನ್ನು ತಡೆಯುವ ಗುಣ ರಾಳದ್ದು. ಆದ್ದರಿಂದ ಟೆಂಡರಿನಲ್ಲಿ ರಾಳದ ಹೆಸರು ಬರೆಯದೆ ಬರೀ ‘ಎಫ್‌ಆರ್‌ಪಿ ಟ್ರೇ’ ಎಂದರೆ, ಸತುವಿನ ದಪ್ಪ ಹೇಳದೆ ‘ಜಿಐ ಟ್ರೇ’ ಎಂದು ಬರೆದಷ್ಟೇ ಪೊಳ್ಳು. ಸಾಮಾನ್ಯ ತುಂತುರಿಗೆ ಐಸೋಫ್ತಾಲಿಕ್ ಪಾಲಿಯೆಸ್ಟರ್ ಸಾಕು; ಹುಳಿ, ಬಿಸಿ, ಕ್ಲೋರೈಡು ಸೇರಿದ ಸ್ಪೆಂಟ್ ವಾಶಿನ ಬಳಿ ವಿನೈಲ್ ಎಸ್ಟರ್ ಬೇಕು; ಹೊಗೆ ಕಡಿಮೆ ಇರಲೇಬೇಕಾದ ಕಡೆ ಫೀನಾಲಿಕ್. ಗಾಜೂ ಗಟ್ಟಿ ಕ್ಷಾರಕ್ಕೆ ಸೋಲುತ್ತದೆ, ಹಾಗಾಗಿ ಕಾಸ್ಟಿಕ್ ನೇರವಾಗಿ ಬೀಳುವ ಜಾಗದಲ್ಲಿ ಮೇಲ್ಮೈಯ ರಾಳದ ಪದರ ದಪ್ಪವಾಗಿ, ಬಿರುಕಿಲ್ಲದೆ ಇರಬೇಕು.

ಮೊದಲ ಆಕ್ಷೇಪ ಬೆಲೆಯದು, ಅದು ನ್ಯಾಯವಾದದ್ದೂ ಹೌದು. ಮೀಟರಿಗೆ ಮೀಟರ್ ಹೋಲಿಸಿದರೆ ಗಾಜುನಾರಿನದು ತುಟ್ಟಿ. ಆದರೆ ಖರೀದಿ ವಿಭಾಗ ಹೋಲಿಸುವುದು ಸಾಮಾನಿನ ಬೆಲೆಯನ್ನು. ಕಾರ್ಖಾನೆ ತೆರುವುದು ಟ್ರೇಯ ಬಾಳುವೆಯ ಬೆಲೆಯನ್ನು. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.85 ಗ್ರಾಂ, ಗಾಜುನಾರಿನದು ಎರಡರ ಒಳಗೆ. ಎತ್ತಿ ಕೂರಿಸಲು ಜನ ಕಡಿಮೆ, ಮೇಲಿನ ತೊಲೆಗಳ ಮೇಲೆ ಭಾರ ಕಡಿಮೆ. ಅದಕ್ಕಿಂತ ದೊಡ್ಡ ಮಾತು ಬೆಂಕಿಯ ಕೆಲಸದ್ದು. ಉಕ್ಕಿನ ಆಧಾರ ಬದಲಿಸಬೇಕೆಂದರೆ ಗ್ಯಾಸ್ ಕಟಿಂಗ್, ವೆಲ್ಡಿಂಗ್, ಗ್ರೈಂಡಿಂಗ್ ಬೇಕಾಗುತ್ತವೆ. ಎಥೆನಾಲಿನ ಆವಿ 13 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲೇ ಕಿಡಿಗೆ ಹೊತ್ತಿಕೊಳ್ಳುತ್ತದೆ. ನಮ್ಮ ಕಲಬುರಗಿಯಲ್ಲಿ ಚಳಿಗಾಲದ ಮಧ್ಯಾಹ್ನಕ್ಕೂ ಅದಕ್ಕಿಂತ ಹೆಚ್ಚು ತಾಪ ಇರುತ್ತದೆ. ಡಿಸ್ಟಿಲರಿಯೊಳಗೆ ಐದು ವರ್ಷಕ್ಕೊಮ್ಮೆ ತುಕ್ಕು ಹಿಡಿದ ಟ್ರೇ ಬದಲಿಸುವುದೆಂದರೆ ಐದು ವರ್ಷಕ್ಕೊಮ್ಮೆ ಅಲ್ಲಿ ಕಿಡಿ ಹಾರಿಸುವುದು. ಗಾಜುನಾರಿನದನ್ನು ಗರಗಸದಿಂದ ಕೊಯ್ದು ಬೋಲ್ಟು ಹಾಕಿದರಾಯಿತು, ವೆಲ್ಡಿಂಗ್ ಬೇಕಿಲ್ಲ. ಈ ಅಪಾಯಕ್ಕೆ ಬೆಲೆ ಕಟ್ಟಿ ಟೆಂಡರಿನ ಹೋಲಿಕೆಯಲ್ಲಿ ಒಂದು ಅಂಕಣ ಸೇರಿಸಿ ನೋಡಿ. ಇನ್ನು ಎಲ್ಲೆಡೆ ಹಾಕಬೇಕೆಂದು ನಾನು ಕೇಳುತ್ತಿಲ್ಲವಾದ್ದರಿಂದ ಹೆಚ್ಚಿನ ಖರ್ಚು ಆ ನಾಲ್ಕೈದು ಮೂಲೆಗಳಿಗೆ ಮಾತ್ರ. ಸ್ಟೇನ್‌ಲೆಸ್ ಸ್ಟೀಲ್ ಆಗದೇ ಎಂದರೆ, ಆಗುತ್ತದೆ. ಆದರೆ 304 ದರ್ಜೆಯದು ಕ್ಲೋರೈಡಿಗೆ ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ, 316ರ ಬೆಲೆ ಕೇಳಿದ ಮೇಲೆ ಗಾಜುನಾರಿನ ಬೆಲೆಯ ಬಗ್ಗೆ ದೂರು ಉಳಿಯುವುದಿಲ್ಲ.

ಎರಡನೆಯ ಆಕ್ಷೇಪ ಬೆಂಕಿಯದು. ಪ್ಲಾಸ್ಟಿಕ್ ಉರಿಯುತ್ತದೆ, ಉಕ್ಕು ಉರಿಯುವುದಿಲ್ಲ ಎಂಬ ಮಾತನ್ನು ಅಲ್ಲಗಳೆಯಲಾಗದು. ಬಗಾಸಿನ ರಾಶಿ, ಬಗಾಸಿನ ದೂಳು, ಎಥೆನಾಲ್ ಟ್ಯಾಂಕು ಒಂದೇ ಆವರಣದಲ್ಲಿರುವ ಕಡೆ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಕೇಬಲ್ ಮಾರ್ಗದಲ್ಲಿ ಬೆಂಕಿ ಹಬ್ಬುವುದು ಯಾವುದರಿಂದ ಎಂದು ಕೇಳಿಕೊಳ್ಳಬೇಕು. 1975ರ ಮಾರ್ಚ್ 22ರಂದು ಅಮೆರಿಕದ ಅಲಬಾಮಾದ ಬ್ರೌನ್ಸ್ ಫೆರಿ ಅಣುವಿದ್ಯುತ್ ಸ್ಥಾವರದಲ್ಲಿ ಗಾಳಿ ಸೋರುವ ಸಂದು ಹುಡುಕಲು ಕೆಲಸಗಾರರು ಮೇಣದಬತ್ತಿ ಹಿಡಿದರು. ಸಂದಿಗೆ ತುಂಬಿದ್ದ ಪಾಲಿಯುರೆಥೇನ್ ನೊರೆ ಹೊತ್ತಿಕೊಂಡು 1,600ಕ್ಕೂ ಹೆಚ್ಚು ಕೇಬಲುಗಳು ಹಾಳಾದವು. ಉರಿದದ್ದು ಆ ನೊರೆ ಮತ್ತು ಕೇಬಲಿನ ಹೊದಿಕೆ. ಟ್ರೇ ಲೋಹದ್ದೇ ಆಗಿದ್ದರೂ ಉಪಯೋಗವಾಗಲಿಲ್ಲ. ಜಗತ್ತಿನ ಎಂಜಿನಿಯರುಗಳು ಕೇಬಲ್ ಬೆಂಕಿಯ ಬಗ್ಗೆ ಬೇರೆ ರೀತಿ ಯೋಚಿಸಲು ಶುರುಮಾಡಿದ್ದು ಆ ಘಟನೆಯ ನಂತರವೇ. ಹಾಗಾಗಿ ಟ್ರೇ ಯಾವುದಿದ್ದರೂ ಕೇಬಲಿನ ಹೊದಿಕೆ ಬೆಂಕಿ ಹಬ್ಬಗೊಡದ, ಹೊಗೆ ಕಡಿಮೆಯ ಎಫ್‌ಆರ್‌ಎಲ್‌ಎಸ್ ಇರಲಿ, ಗೋಡೆ ದಾಟುವಲ್ಲಿ ಬೆಂಕಿ ತಡೆಯುವ ಮುಚ್ಚಿಗೆ ಇರಲಿ, ಬಗಾಸಿನ ದೂಳು ಕೂರದಂತೆ ಗಿರಣಿ ಭಾಗದಲ್ಲಿ ರಂಧ್ರದ ಟ್ರೇ ಬದಲು ಏಣಿಯಾಕಾರದ್ದು ಇರಲಿ.

ಆದರೂ ಒಂದು ಕಡೆ ನಾನು ಉಕ್ಕಿನ ಪರವೇ ನಿಲ್ಲುತ್ತೇನೆ. ಅಗ್ನಿಶಾಮಕ ಪಂಪು, ತುರ್ತು ದೀಪ, ಬಾಯ್ಲರಿನ ಸುರಕ್ಷತಾ ಸರ್ಕಿಟುಗಳು ಇಂಥ ಕೇಬಲುಗಳು ಬೆಂಕಿ ಬಿದ್ದ ಮೇಲೂ ಕೆಲಸ ಮಾಡಬೇಕಾದವು. ಇವನ್ನು ಗಾಜುನಾರಿನ ಟ್ರೇ ಒಂದನ್ನೇ ನಂಬಿ ಒಯ್ಯಬೇಡಿ. ಉಕ್ಕು 550 ಡಿಗ್ರಿ ಸುಮಾರಿಗೆ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ, ಆದರೆ ರಾಳ ಅದಕ್ಕಿಂತ ಎಷ್ಟೋ ಮೊದಲೇ ಕೈಬಿಡುತ್ತದೆ. ಇನ್ನೊಂದು: ಕೆಲವು ರಾಳಗಳಿಗೆ ಬೆಂಕಿ ತಡೆಯಲು ಬ್ರೋಮಿನ್, ಕ್ಲೋರಿನ್ ಬೆರೆಸುತ್ತಾರೆ, ಅವು ಉರಿ ಹಬ್ಬಲು ಬಿಡುವುದಿಲ್ಲ, ಆದರೆ ಹೊತ್ತಿಕೊಂಡಾಗ ಕೊಡುವ ಹೊಗೆ ಕೆಟ್ಟದ್ದು, ಪಕ್ಕದ ಪ್ಯಾನಲ್ಲುಗಳನ್ನೂ ಸವೆಸುವಂಥದ್ದು. ಜನ ಕೂತು ಕೆಲಸ ಮಾಡುವ ನಿಯಂತ್ರಣ ಕೊಠಡಿಯ ಒಳಗೆ ಆ ಟ್ರೇಗೆ ಕೆಲಸವಿಲ್ಲ. ಅಲ್ಲಿಯ ಗಾಳಿ ಒಣಗಿದ್ದು, ಜಿಐ ಅಲ್ಲಿ ಸುಖವಾಗಿ ಬಾಳುತ್ತದೆ.

ಬಿಸಿಲಿನ ಮಾತು ನಮ್ಮ ಊರಿನವರೆಲ್ಲ ಕೇಳುವ ಮಾತು. ಏಪ್ರಿಲ್–ಮೇ ತಿಂಗಳಲ್ಲಿ ನೆರಳಿನಲ್ಲೇ 42–43 ಡಿಗ್ರಿ ಮುಟ್ಟುವ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ಎಷ್ಟು ದಿನ? ಬಿಸಿಲಿನ ಅತಿನೇರಳೆ ಕಿರಣ ರಾಳದ ಮೇಲ್ಪದರವನ್ನು ತಿಂದು ಎಳೆಗಳನ್ನು ಹೊರಗೆ ಹಾಕುವುದು ನಿಜ. ಅದಕ್ಕೆ ಮದ್ದು ಮೂರು: ಮೇಲ್ಮೈಯಲ್ಲಿ ತೆಳು ಪರದೆಯಂಥ ಪದರ, ರಾಳದೊಳಗೆ ಕಿರಣ ತಡೆಯುವ ದ್ರವ್ಯ, ಮೇಲೆ ಪಾಲಿಯುರೆಥೇನ್ ಬಣ್ಣ. ಈ ಎಚ್ಚರ ವಹಿಸಿದರೆ ಗಾಜುನಾರು ಬಯಲಲ್ಲಿ ನಿಲ್ಲಬಲ್ಲದು ಎಂಬುದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಎನ್‌ಎಎಲ್ ವೈಮಾನಿಕ ಸಂಶೋಧನಾ ಸಂಸ್ಥೆ ಹವಾಮಾನ ರಾಡಾರುಗಳ ಮೇಲೆ ಕೂರಿಸುವ ಗುಮ್ಮಟಗಳನ್ನು ಇದೇ ಬಗೆಯ ವಸ್ತುವಿನಿಂದ ರೂಪಿಸಿದೆ. ಅವು ವರ್ಷಪೂರ್ತಿ ಬಿಸಿಲು, ಮಳೆಯಲ್ಲೇ ಇರುವಂಥವು. ಆದರೆ ತಾಪ ಬೇರೆ, ಬಿಸಿಲು ಬೇರೆ. ತಯಾರಕರ ಕೋಷ್ಟಕಗಳೇ ಹೇಳುವಂತೆ 65 ಡಿಗ್ರಿಯ ಸುಮಾರಿಗೆ ಪಾಲಿಯೆಸ್ಟರ್ ಟ್ರೇ ತನ್ನ ಬಲದಲ್ಲಿ ಮೂರರಲ್ಲೊಂದು ಪಾಲು ಕಳೆದುಕೊಳ್ಳುತ್ತದೆ, ವಿನೈಲ್ ಎಸ್ಟರ್ ಹತ್ತರಲ್ಲೊಂದು. ಬಾಯ್ಲರಿನ ಪಕ್ಕ, ಹಬೆ ಕೊಳವೆಯ ಮೇಲೆ, ಟರ್ಬೈನಿನ ಹೊಟ್ಟೆಯ ಕೆಳಗೆ ಇದನ್ನು ಒಯ್ಯಬೇಡಿ. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಗೂಡುಗಳ ಬಳಿಯೂ ಇದೇ ಮಾತು. ಅಲ್ಲಿ ಇರುವುದು ಒಣ ಬಿಸಿ ಮತ್ತು ಉಜ್ಜುವ ದೂಳು; ಅದಕ್ಕೆ ಉಕ್ಕೇ ಸರಿ.

ಬಲದ ವಿಷಯದಲ್ಲಿ ತಮ್ಮಲ್ಲಿ ಹಿರಿಯರು ಎತ್ತುವ ಪ್ರಶ್ನೆ ಇನ್ನೊಂದು: ಇದು ಬಾಗುತ್ತದಲ್ಲ? ಬಾಗುತ್ತದೆ. ಉಕ್ಕಿನ ಬಿಗುಪು 200 ಗಿಗಾಪ್ಯಾಸ್ಕಲ್, ಎಳೆದು ತೆಗೆದ ಗಾಜುನಾರಿನ ಪಟ್ಟಿಯದು ಇಪ್ಪತ್ತರ ಆಸುಪಾಸು. ಮುರಿಯುವ ಭಯಕ್ಕಿಂತ ಜೋಲುವ ಸಂಭವವೇ ಇಲ್ಲಿ ಹೆಚ್ಚು. ಪಟ್ಟಿಯ ಎತ್ತರ ಹೆಚ್ಚಿಸುವುದು ಒಂದು ದಾರಿ. ಆಧಾರಗಳನ್ನು ಹತ್ತಿರ ತರುವುದು ಇನ್ನೊಂದು. ಸಮವಾಗಿ ಹರಡಿದ ಭಾರಕ್ಕೆ ಬಾಗು ಅಂತರದ ನಾಲ್ಕನೆಯ ಘಾತದಂತೆ ಬೆಳೆಯುತ್ತದೆ ಎಂಬುದು ಪಾಠದ ವಿಷಯ. ಮೂರು ಮೀಟರಿನ ಅಂತರವನ್ನು ಎರಡಕ್ಕೆ ಇಳಿಸಿದರೆ ಬಾಗು ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಐಇಸಿ 61537 ಮಾನಕದ ಪರೀಕ್ಷೆಯಲ್ಲಿ ಸುರಕ್ಷಿತ ಭಾರ ಹೊತ್ತಾಗ ನಡುಮಧ್ಯದ ಬಾಗು ಅಂತರದ ನೂರರಲ್ಲೊಂದು ಪಾಲು ಮೀರಬಾರದು. ಆ ಪರೀಕ್ಷಾ ವರದಿ ಕೇಳಿ ಪಡೆಯಿರಿ, ಅದೂ ತಮ್ಮಲ್ಲಿ ಹಾಕುವ ಅಂತರಕ್ಕೇ ಮಾಡಿದ್ದು. ಹಳೆಯ ಉಕ್ಕಿನ ಟ್ರೇ ತೆಗೆದು ಅದೇ ಬ್ರಾಕೆಟ್ಟುಗಳ ಮೇಲೆ ಗಾಜುನಾರಿನದನ್ನು ಹಾಗೇ ಕೂರಿಸುವ ಗುತ್ತಿಗೆದಾರರಿಂದಲೇ ಈ ವಸ್ತುವಿಗೆ ಅರ್ಧ ಕೆಟ್ಟ ಹೆಸರು ಬಂದಿದೆ ಎಂಬುದು ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಗಂಭೀರವಾದದ್ದು ಅರ್ಥಿಂಗ್. ಇದನ್ನು ಆಕ್ಷೇಪ ಎನ್ನಲಾರೆ, ಷರತ್ತು ಎನ್ನುತ್ತೇನೆ. ಲೋಹದ ಟ್ರೇ ಸರಿಯಾಗಿ ಜೋಡಿಸಿದ್ದರೆ ದೋಷದ ವಿದ್ಯುತ್ತು ಭೂಮಿಗೆ ಹೋಗಲು ಅದೂ ಒಂದು ದಾರಿಯಾಗಿರುತ್ತದೆ. ಹಲವು ಹಳೆಯ ಕಾರ್ಖಾನೆಗಳಲ್ಲಿ ಯಾರ ನಕ್ಷೆಯಲ್ಲೂ ಇಲ್ಲದೆ ಅದು ಆ ಕೆಲಸ ಮಾಡುತ್ತಿರುತ್ತದೆ. ಗಾಜುನಾರು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಉಕ್ಕಿನದನ್ನು ತೆಗೆದು ಇದನ್ನು ಹಾಕಿದ ದಿನವೇ ಆ ದಾರಿ ಕಡಿದುಹೋಗುತ್ತದೆ. ಐಎಸ್ 3043ರ ಪ್ರಕಾರ ಪ್ರತ್ಯೇಕ ಅರ್ಥಿಂಗ್ ವಾಹಕವನ್ನು ಟ್ರೇಯುದ್ದಕ್ಕೂ ಒಯ್ಯದೆ, ಪ್ರತಿ ಮೋಟಾರಿನ ದೋಷಮಾರ್ಗದ ಪ್ರತಿರೋಧ ಅಳೆಯದೆ ಒಂದೇ ಒಂದು ಮೀಟರ್ ಹಳೆಯ ಟ್ರೇ ಬಿಚ್ಚಬೇಡಿ. ಇದರ ಲಾಭದ ಮುಖವೂ ಇದೆ: ಒಂಟಿ ಎಳೆಯ ದೊಡ್ಡ ಕೇಬಲುಗಳ ಸುತ್ತ ಉಕ್ಕಿನ ಪಟ್ಟಿ ಬಿಗಿದರೆ ಅದರೊಳಗೆ ಸುಳಿವಿದ್ಯುತ್ ಎದ್ದು ಬಿಸಿಯಾಗುತ್ತದೆ, ಗಾಜುನಾರಿಗೆ ಆ ತೊಂದರೆಯಿಲ್ಲ. ಎಥೆನಾಲ್ ಆವಿ ಇರಬಹುದಾದ ವಲಯದಲ್ಲಿ ಮತ್ತೊಂದು ಜಾಗ್ರತೆ ಬೇಕು. ಒಣ ಗಾಳಿಯಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಸ್ಥಾಯೀ ವಿದ್ಯುತ್ ಕೂರುತ್ತದೆ. ಅಲ್ಲಿಗೆ ಇಂಗಾಲ ಬೆರೆಸಿ ಮೇಲ್ಮೈಯಿಂದ ಸ್ಥಾಯೀ ವಿದ್ಯುತ್ ಹರಿದುಹೋಗುವಂತೆ ಮಾಡಿದ ಟ್ರೇಯನ್ನೇ ತರಿಸಿ, ಅದನ್ನೂ ಅರ್ಥಿಂಗಿಗೆ ಜೋಡಿಸಿ.

ಕೊನೆಗೆ ಕಸದ ಮಾತು. ತುಕ್ಕು ಹಿಡಿದ ಉಕ್ಕಿಗೆ ಗುಜರಿಯಲ್ಲಿ ಬೆಲೆ ಉಂಟು, ಈ ಟ್ರೇಗೆ ಇಲ್ಲ; ಕರಗಿಸಿ ಮತ್ತೆ ಎರಕ ಹೊಯ್ಯಲೂ ಬರುವುದಿಲ್ಲ. ಇದು ಅದರ ನಿಜವಾದ ಕೊರತೆ. ಆದರೆ ಇಂಥ ಕಸವನ್ನು ಸಿಮೆಂಟ್ ಗೂಡಿನಲ್ಲಿ ಬಳಸುವ ವಿಧಾನ ಜರ್ಮನಿಯ ಲೇಗರ್‌ಡಾರ್ಫ್‌ನಲ್ಲಿ ಗಾಳಿಯಂತ್ರದ ರೆಕ್ಕೆಗಳ ವಿಷಯದಲ್ಲಿ ನಡೆದು ಬಂದಿದೆ. ರಾಳ ಇಂಧನವಾಗುತ್ತದೆ, ಗಾಜಿನ ಸಿಲಿಕಾ ಕ್ಲಿಂಕರಿಗೆ ಸೇರುತ್ತದೆ. ಸಿಮೆಂಟ್ ಗೂಡುಗಳನ್ನು ದೂರ ಹುಡುಕಿಕೊಂಡು ಹೋಗಬೇಕಾದ ಜಿಲ್ಲೆ ನಮ್ಮದಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯೊಂದಿಗೆ ಈ ಮಾತುಕತೆಯನ್ನು ಈಗಲೇ ಶುರು ಮಾಡಬಹುದು, ಟ್ರೇಗಳು ಹಳೆಯದಾಗುವವರೆಗೆ ಕಾಯಬೇಕಾಗಿಲ್ಲ.

ಇಷ್ಟು ವಾದದ ನಂತರ ನನ್ನ ಕೋರಿಕೆಗಳನ್ನು ಮುಂದಿಡುತ್ತೇನೆ. ಎಂಜಿನಿಯರುಗಳಲ್ಲಿ: ಮುಂದಿನ ಹಂಗಾಮಿನಲ್ಲಿ ಗಂಧಕ ಘಟಕ, ಸುಣ್ಣದ ತೊಟ್ಟಿ, ಸ್ಪ್ರೇ ಕೊಳ, ಸ್ಪೆಂಟ್ ವಾಶಿನ ಪಂಪುಮನೆ, ತ್ಯಾಜ್ಯನೀರಿನ ಘಟಕ, ಹಾಗೇ ಹೋಲಿಕೆಗೆ ನಿಯಂತ್ರಣ ಕೊಠಡಿ, ಈ ಆರೂ ಕಡೆ ತೂಕ ಮಾಡಿದ ಸತುವಿನ ಸಣ್ಣ ತುಂಡುಗಳನ್ನು ತೂಗುಹಾಕಿ, ಹಂಗಾಮು ಮುಗಿದಾಗ ಮತ್ತೆ ತೂಗಿ. ಕಳೆದುಹೋದ ತೂಕವೇ ತಮ್ಮ ಕಾರ್ಖಾನೆಯ ತುಕ್ಕಿನ ನಕ್ಷೆ ಬರೆದುಕೊಡುತ್ತದೆ. ಅಂಥ ಪರೀಕ್ಷೆಗೆ ಐಎಸ್‌ಒ 9226 ವಿಧಾನ ಕೊಟ್ಟಿದೆ, ಖರ್ಚು ಅತ್ಯಲ್ಪ. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಸಿಗಲಿಕ್ಕಿಲ್ಲ. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇಂಥ ಅಂಕಿಗಳನ್ನು ಹಲವು ಕಾರ್ಖಾನೆಗಳಿಂದ ಒಟ್ಟುಗೂಡಿಸಿದರೆ ರಾಜ್ಯದ ಎಲ್ಲರಿಗೂ ದಾರಿಯಾದೀತು.

ಖರೀದಿ ಅಧಿಕಾರಿಗಳಲ್ಲಿ: ‘ಜಿಐ’ ಎಂದು ಬರೆಯುವಲ್ಲಿ ಸತು ಅದ್ದಿದ್ದೋ ಬಳಿದ ತಗಡೋ, ಎಷ್ಟು ಮೈಕ್ರಾನ್ ಎಂದು ಬರೆಯಿರಿ, ಸಾಮಾನು ಬಂದ ದಿನ ಅಳೆಯಿರಿ. ‘ಎಫ್‌ಆರ್‌ಪಿ’ ಎಂದು ಬರೆಯುವಲ್ಲಿ ರಾಳದ ಹೆಸರು, ಬೆಂಕಿಯ ಪರೀಕ್ಷೆ, ಅಂತರಕ್ಕೆ ತಕ್ಕ ಭಾರದ ಪರೀಕ್ಷೆ, ಬಿಸಿಲು ತಡೆಯುವ ಲೇಪನ, 316 ದರ್ಜೆಯ ಬೋಲ್ಟು ಇವೆಲ್ಲ ಇರಲಿ. ಹುಳಿ ಗಾಳಿಯಲ್ಲಿ ಒಳ್ಳೆಯ ಟ್ರೇಯನ್ನು ಸಾದಾ ಬೋಲ್ಟಿನಿಂದ ಬಿಗಿಯುವುದು ದುಡ್ಡು ದಂಡ. ಸಂದೇಹವಿದ್ದರೆ ಒಂದು ತುಂಡನ್ನು ಬೆಂಗಳೂರಿನ ಸಿಪಿಆರ್‌ಐಗೋ ಮೈಸೂರಿನ ಸಿಪೆಟ್‌ಗೋ ಪರೀಕ್ಷೆಗೆ ಕಳಿಸುವ ಹಕ್ಕನ್ನು ಒಪ್ಪಂದದಲ್ಲೇ ಉಳಿಸಿಕೊಳ್ಳಿ.

ಗುತ್ತಿಗೆದಾರರಲ್ಲಿ ನನ್ನ ಕೋರಿಕೆ ಕೆಲಸದ ಹುಡುಗರ ಪರವಾಗಿ. ಗಾಜುನಾರು ಕೊಯ್ಯುವಾಗ ಏಳುವ ದೂಳು ಚರ್ಮಕ್ಕೆ ತುರಿಕೆ, ಕಣ್ಣಿಗೆ ಉರಿ, ಉಸಿರಿಗೆ ತೊಂದರೆ. ಮುಖಕ್ಕೆ ಸುತ್ತಿದ ಟವೆಲ್ಲು ಅದನ್ನು ತಡೆಯುವುದಿಲ್ಲ. ಸರಿಯಾದ ಮಾಸ್ಕು, ಕನ್ನಡಕ, ಕೈಗವಸು, ವಜ್ರದ ಹಲ್ಲಿನ ಗರಗಸ, ದೂಳು ಅಡಗಿಸಲು ನೀರು, ಇಷ್ಟನ್ನೂ ದರದಲ್ಲೇ ಸೇರಿಸಿ. ಕೊಯ್ದ ತುದಿಗೂ ಕೊರೆದ ತೂತಿಗೂ ಅಂದೇ ರಾಳ ಬಳಿಸಿ. ಇಲ್ಲದಿದ್ದರೆ ತೇವ ಎಳೆಯುದ್ದಕ್ಕೂ ಒಳಗೆ ಹರಿಯುತ್ತದೆ. ಅರ್ಥಿಂಗ್ ವಾಹಕ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿರಲಿ, ಅದಾಗಿ ಅಳತೆಯ ವರದಿ ಬರುವವರೆಗೆ ಕೊನೆಯ ಕಂತು ಕೇಳಬೇಡಿ. ಎಂಜಿನಿಯರುಗಳೂ ಆ ವರದಿ ನೋಡದೆ ಕೊಡಬೇಡಿ.

ನಾನು ಯಾವ ತಯಾರಕರ ಪರವಾಗಿಯೂ ಬರೆದವನಲ್ಲ. ಈ ಪತ್ರದ ಲೆಕ್ಕದಲ್ಲಿ ಎಲ್ಲಾದರೂ ತಪ್ಪಿದೆ ಎಂದು ತಮಗೆ ಕಂಡರೆ, ತಮ್ಮ ಕಾರ್ಖಾನೆಯ ಸತುವಿನ ತುಂಡುಗಳ ತೂಕದ ಸಮೇತ ಬಹಿರಂಗವಾಗಿಯೇ ಉತ್ತರಿಸಿ. ಮುಂದಿನ ಹಂಗಾಮಿನ ಟ್ರೇ ಟೆಂಡರಿಗೆ ಮೊದಲೇ ಆ ಉತ್ತರ ಬರಲಿ ಎಂದು ವಿನಂತಿಸುತ್ತೇನೆ.

ಗೌರವಪೂರ್ವಕವಾಗಿ,

ತಮ್ಮ ವಿಶ್ವಾಸಿ,
ನಿಂಬರ್ಗಾದ ಒಬ್ಬ ಬರಹಗಾರ